ಬೇಸ್‌ಬಾಲ್ ಆಡುವ ಮಕ್ಕಳು ಸ್ಪ್ಯಾನಿಷ್ ಕಲಿಯಲಿ

ಸ್ಪ್ಯಾನಿಷ್ ಕಲಿತ ಮಾತ್ರಕ್ಕೆ ಯಾವ ಹುಡುಗನ ಬ್ಯಾಟಿಗೂ ಚೆಂಡು ಹೆಚ್ಚು ಸಿಗುವುದಿಲ್ಲ, ಎಸೆತದ ವೇಗವೂ ಏರುವುದಿಲ್ಲ. ಕಾಲೇಜು ತಂಡಗಳಿಗೆ ಆಟಗಾರರನ್ನು ಹುಡುಕಿಕೊಂಡು ಬರುವವರು ನೋಡುವುದು ಎಸೆತದ ವೇಗ ಅಳೆಯುವ ರಾಡಾರ್ ಗನ್ ತೋರಿಸುವ ಅಂಕಿಯನ್ನು. ಭಾಷೆಯ ಅಂಕಪಟ್ಟಿಯನ್ನು ಅವರು ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಇಲ್ಲಿ ಅರಿಜೋನಾದ ಫೀನಿಕ್ಸ್ ಸುತ್ತಮುತ್ತ ಇರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಮಗ ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ಈ ಮಾತು ಬಂದೇ ಬರುತ್ತದೆ: ಹೇಗೂ ಬೇಸ್‌ಬಾಲ್ ಆಡುತ್ತಾನೆ, ಫ್ರೆಂಚ್ ಬದಲು ಸ್ಪ್ಯಾನಿಷ್ ತೆಗೆದುಕೊಂಡರೆ ಏನಾದರೂ ಲಾಭವಿದೆಯೇ? ಇದೆ, ಖಂಡಿತವಾಗಿಯೂ ಇದೆ. ಆದರೆ ಅದು ತಂಡಕ್ಕೆ ಆಯ್ಕೆ ಮಾಡುವ ದಿನ ಕೈಗೆ ಸಿಗುವ ಲಾಭವಲ್ಲ. ತಂಡದೊಳಗೆ ಕಾಲಿಟ್ಟ ಮೇಲೆ ಅದರ ಬೆಲೆ ತಿಳಿಯುತ್ತದೆ.

ಈ ಆಟದ ಅತಿ ಎತ್ತರದ ವೃತ್ತಿಪರ ಮಟ್ಟವಾದ ಮೇಜರ್ ಲೀಗ್ ಬೇಸ್‌ಬಾಲ್‌ನ 30 ತಂಡಗಳ ಆಟಗಾರರಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ಅಮೆರಿಕದ ಹೊರಗೆ ಹುಟ್ಟಿದವರು. ಸುಮಾರು ಒಂದು ಕೋಟಿ ಜನರಿರುವ ಡೊಮಿನಿಕನ್ ರಿಪಬ್ಲಿಕ್ ಒಂದರಿಂದಲೇ ಪ್ರತಿ ವರ್ಷ ನೂರರ ಆಸುಪಾಸಿನಲ್ಲಿ ಆಟಗಾರರು ಋತುವಿನ ಮೊದಲ ದಿನದ ಪಟ್ಟಿಯಲ್ಲಿರುತ್ತಾರೆ. ಆಮೇಲೆ ವೆನಿಜುವೆಲಾ, ಕ್ಯೂಬಾ. ಈ 30 ತಂಡಗಳೂ ಡೊಮಿನಿಕನ್ ನೆಲದಲ್ಲಿ ತಮ್ಮ ತಮ್ಮ ಅಕಾಡೆಮಿಗಳನ್ನು ನಡೆಸುತ್ತವೆ. ಅಲ್ಲಿ ಹದಿನಾರು, ಹದಿನೇಳರ ಹುಡುಗರು ಬೆಳಿಗ್ಗೆ ಬ್ಯಾಟಿಂಗ್ ಕಲಿತಷ್ಟೇ ಕಡ್ಡಾಯವಾಗಿ ಇಂಗ್ಲಿಷ್ ತರಗತಿಯಲ್ಲೂ ಕುಳಿತುಕೊಳ್ಳುತ್ತಾರೆ. ವಿಮಾನ ಹತ್ತುವ ಮೊದಲೇ ಅವರು ತಮ್ಮ ಪಾಲಿನ ಅರ್ಧ ದಾರಿಯನ್ನು ನಡೆದು ಬಂದಿರುತ್ತಾರೆ. ಅಮೆರಿಕದಲ್ಲೇ ಬೆಳೆದ ಹುಡುಗರಲ್ಲಿ ಎಷ್ಟು ಮಂದಿ ಉಳಿದ ಅರ್ಧವನ್ನು ನಡೆಯುತ್ತಾರೆ?

ಇದನ್ನು ಕಣ್ಣಾರೆ ನೋಡಬೇಕೆಂದರೆ ದೊಡ್ಡ ಕ್ರೀಡಾಂಗಣಕ್ಕೆ ಹೋಗಬೇಕಾಗಿಲ್ಲ. ಅರಿಜೋನಾ ಕಾಂಪ್ಲೆಕ್ಸ್ ಲೀಗ್ ಎಂದು ಒಂದಿದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲಿನ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ತಂಡಗಳ ತರಬೇತಿ ಕೇಂದ್ರಗಳ ಹಿಂಬದಿಯ ಮೈದಾನಗಳಲ್ಲಿ, ಟಿಕೆಟ್ ಇಲ್ಲದೆ, ಬೆರಳೆಣಿಕೆಯ ಪ್ರೇಕ್ಷಕರ ಎದುರು ಆಟ ನಡೆಯುತ್ತದೆ. ಜೂನ್ ತಿಂಗಳ ಒಂದು ಸಂಜೆ, ಸೂರ್ಯ ಇಳಿದರೂ ನೆಲದ ಕಾವು ಇಳಿಯದ ಹೊತ್ತಿನಲ್ಲಿ, ನಾನು ಬ್ಯಾಟರ್ ನಿಲ್ಲುವ ಹೋಂ ಪ್ಲೇಟಿನ ಹಿಂದಿನ ಬಲೆಯ ಬಳಿ ಕುಳಿತಿದ್ದೆ. ಉದ್ದನೆಯ, ಸಪೂರ ಹುಡುಗನೊಬ್ಬ ಪಿಚರ್, ಅಂದರೆ ಚೆಂಡು ಎಸೆಯುವವನು. ಹದಿನೆಂಟು ದಾಟಿರಲಿಕ್ಕಿಲ್ಲ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಬ್ಯಾಟರ್‌ಗಳನ್ನು ಎಸೆತಗಳ ಗುರಿ ತಪ್ಪಿ ಬಿಟ್ಟಿಯಾಗಿ ಬೇಸಿಗೆ ಕಳಿಸಿಬಿಟ್ಟ. ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಅಮೆರಿಕದ ಹುಡುಗ. ಸಮಯ ಕೇಳಿ, ಪಿಚರ್ ನಿಲ್ಲುವ ದಿಬ್ಬವಾದ ಮೌಂಡಿನತ್ತ ಓಡಿದ. ರೂಢಿಯಂತೆ ಗ್ಲೌಸನ್ನು ಬಾಯಿಗೆ ಅಡ್ಡ ಹಿಡಿದ. ಎರಡು ಇಂಗ್ಲಿಷ್ ಪದ ಆಡಿದನೇನೋ. ಪಿಚರನ ಎದೆಯ ಮೇಲೆ ಮೆಲ್ಲಗೆ ತಟ್ಟಿ ಹಿಂದಿರುಗಿದ. ಪಿಚರ್ ತಲೆಯಾಡಿಸಿದ. ಮುಂದಿನ ಚೆಂಡು ಕ್ಯಾಚರನ ತಲೆಯ ಮೇಲೆ ಹಾರಿ ಬಲೆಗೆ ಬಡಿಯಿತು.

ಆಗ ಎರಡನೆಯ ಮತ್ತು ಮೂರನೆಯ ಬೇಸಿನ ನಡುವಿನ ಶಾರ್ಟ್‌ಸ್ಟಾಪ್ ಜಾಗದಿಂದ ಇನ್ನೊಬ್ಬ ಹುಡುಗ ಓಡಿಬಂದ. ಸ್ಪ್ಯಾನಿಷ್‌ನಲ್ಲಿ ಮೂರು ನಾಲ್ಕು ಮಾತು. ಏನು ಹೇಳಿದನೋ, ಪಿಚರ್ ನಕ್ಕ. ಕಿವಿಯವರೆಗೆ ಏರಿದ್ದ ಭುಜಗಳು ಇಳಿದವು. ಆಮೇಲೆ ಅವನ ಎಸೆತಗಳೆಲ್ಲ ನೆಟ್ಟಗಾದವು ಎಂದು ನಾನು ಹೇಳುವುದಿಲ್ಲ. ಮುಂದಿನ ಬ್ಯಾಟರ್ ಚೆನ್ನಾಗಿಯೇ ಹೊಡೆದ. ಆದರೆ ಆ ನಾಲ್ಕು ಮಾತು ಆಡುವುದು ಕ್ಯಾಚರನ ಕೆಲಸವಾಗಿತ್ತು. ಒಂಬತ್ತು ಮಂದಿಯಲ್ಲಿ ಇಡೀ ಮೈದಾನಕ್ಕೆ ಮುಖಮಾಡಿ ಕೂರುವವನು ಅವನೊಬ್ಬನೇ. ಚೆಂಡು ಹಿಡಿಯುವುದು ಅವನ ಕೆಲಸದ ಅರ್ಧ. ಪಿಚರನ ಮನಸ್ಸನ್ನು ಹಿಡಿದಿಡುವುದು ಇನ್ನರ್ಧ.

ಇದನ್ನು ಚೆನ್ನಾಗಿ ಅರಿತಿದ್ದವರು ಡಾಡ್ಜರ್ಸ್ ತಂಡದ ಕ್ಯಾಚರ್ ಮೈಕ್ ಸೋಷಿಯಾ. 1981ರಲ್ಲಿ ಮೆಕ್ಸಿಕೊದ ಸೊನೊರಾ ರಾಜ್ಯದ ಸಣ್ಣ ಹಳ್ಳಿಯಿಂದ ಬಂದಿದ್ದ ಇಪ್ಪತ್ತರ ತರುಣ ಪಿಚರ್ ಫರ್ನಾಂಡೊ ವಾಲೆನ್ಸುವೆಲಾ ಲಾಸ್ ಏಂಜಲೀಸ್ ಡಾಡ್ಜರ್ಸ್ ಪರ ಆ ಋತುವಿನಲ್ಲಿ ಆರಂಭದಿಂದ ಎಸೆದ ಮೊದಲ ಎಂಟು ಪಂದ್ಯಗಳನ್ನೂ ಗೆದ್ದರು. ಅವುಗಳಲ್ಲಿ ಐದರಲ್ಲಿ ಎದುರಾಳಿಗೆ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ಅವರಿಗೆ ವರ್ಷದ ಹೊಸ ಆಟಗಾರ ಪ್ರಶಸ್ತಿಯೂ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಒಟ್ಟಿಗೇ ಬಂದವು. ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದವರು ಬೇರೆ ಯಾರೂ ಇಲ್ಲ. ವಾಲೆನ್ಸುವೆಲಾಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಅವರೊಂದಿಗೆ ಮಾತನಾಡಲೆಂದೇ ತರುಣ ಕ್ಯಾಚರ್ ಸೋಷಿಯಾ ಸ್ಪ್ಯಾನಿಷ್ ಕಲಿಯಲು ಕುಳಿತರು. ತಂಡದ ಮ್ಯಾನೇಜರ್, ಅಂದರೆ ಮುಖ್ಯ ತರಬೇತುದಾರ, ಟಾಮಿ ಲಸೋರ್ಡಾ ಅವರಿಗೂ ಸ್ಪ್ಯಾನಿಷ್ ಬರುತ್ತಿತ್ತು. ಆ ಎಡಗೈ ಪ್ರತಿಭೆ ಸೋಷಿಯಾ ಕಲಿತ ಭಾಷೆಯಿಂದ ಬಂದದ್ದಲ್ಲ, ನಿಜ. ಆದರೆ ಅದೇ ಸೋಷಿಯಾ ಮುಂದೆ 19 ಋತುಗಳ ಕಾಲ ಏಂಜಲ್ಸ್ ತಂಡವನ್ನು ನಡೆಸಿದರು, 2002ರಲ್ಲಿ ಮೇಜರ್ ಲೀಗಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆಲ್ಲಿಸಿದರು. ವ್ಲಾದಿಮಿರ್ ಗೆರೇರೊ, ಬಾರ್ಟೊಲೊ ಕೊಲೋನ್‌ರಂಥ ಡೊಮಿನಿಕನ್ ಆಟಗಾರರು ಅವರ ಕೈಕೆಳಗೆ ಆಡಿ ದೊಡ್ಡ ಪ್ರಶಸ್ತಿಗಳನ್ನು ಪಡೆದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಕಲಿತದ್ದು ಐವತ್ತು ದಾಟಿದ ಮೇಲೂ ಕೆಲಸಕ್ಕೆ ಬಂತು ಎನ್ನಲು ನನಗೆ ಯಾವ ಸಂಕೋಚವೂ ಇಲ್ಲ.

ಒಬ್ಬಿಬ್ಬರು ಕಲಿತರೆ ಸಾಲದು ಎಂಬುದಕ್ಕೆ ಬೇಸ್‌ಬಾಲ್ ಲೋಕದಲ್ಲಿ ಎಲ್ಲರೂ ಹೇಳುವ ಒಂದು ಕಥೆಯಿದೆ. 1962, ನ್ಯೂಯಾರ್ಕ್ ಮೆಟ್ಸ್ ತಂಡದ ಮೊದಲ ವರ್ಷ. 120 ಪಂದ್ಯ ಸೋತ ವರ್ಷ. ಎತ್ತರಕ್ಕೆ ಚಿಮ್ಮಿದ ಚೆಂಡಿಗಾಗಿ ಮೈದಾನದ ಹಿಂಭಾಗದ ಸೆಂಟರ್ ಫೀಲ್ಡಿನಿಂದ ರಿಚಿ ಆಶ್ಬರ್ನ್ ಮುಂದಕ್ಕೆ ಓಡಿಬರುವಾಗ ಶಾರ್ಟ್‌ಸ್ಟಾಪ್ ಎಲಿಯೊ ಚಕೋನ್ ಹಿಂದಕ್ಕೆ ಓಡಿಬರುತ್ತಿದ್ದರು. ವೆನಿಜುವೆಲಾದ ಚಕೋನ್‌ಗೆ ಇಂಗ್ಲಿಷ್ ಕೂಗು ತಿಳಿಯುತ್ತಿರಲಿಲ್ಲ. ಹಾಗಾಗಿ ಆಶ್ಬರ್ನ್ ಜೊತೆಗಾರರೊಬ್ಬರಿಂದ ‘ಯೋ ಲಾ ತೆಂಗೊ’, ಅಂದರೆ ‘ಚೆಂಡು ನನ್ನದು’ ಎಂದು ಕೂಗಲು ಕಲಿತರು. ಮುಂದೊಮ್ಮೆ ಚೆಂಡು ಮೇಲೇರಿದಾಗ ಕೂಗಿದರು; ಚಕೋನ್ ತಟ್ಟನೆ ನಿಂತರು. ಅಷ್ಟರಲ್ಲಿ ಎಡಗಡೆಯಿಂದ ಓಡಿಬಂದ ಫ್ರಾಂಕ್ ಥಾಮಸ್, ಆ ಕೂಗು ಏನೆಂದು ತಿಳಿಯದೆ, ಆಶ್ಬರ್ನ್‌ಗೆ ಡಿಕ್ಕಿ ಹೊಡೆದು ಕೆಡವಿದರು. ಜನ ಇದನ್ನು ನಗಲು ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಮೂಳೆ ಮುರಿಯುವ ಅಪಾಯ. ನಮ್ಮ ಹನ್ನೆರಡು, ಹದಿಮೂರರ ಮಕ್ಕಳೂ ಇದೇ ವೇಗದಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ದುಭಾಷಿಗಳಿದ್ದಾರಲ್ಲ ಎನ್ನುವವರಿದ್ದಾರೆ. ಇದ್ದಾರೆ, 2016ರಿಂದ ಮೇಜರ್ ಲೀಗಿನ ಪ್ರತಿ ತಂಡವೂ ಸ್ಪ್ಯಾನಿಷ್ ದುಭಾಷಿಗಳನ್ನು ಪೂರ್ಣಾವಧಿಗೆ ಇಟ್ಟುಕೊಳ್ಳಲೇಬೇಕು. ಪೋರ್ಟೊ ರಿಕೊದ ಆಟಗಾರ ಕಾರ್ಲೋಸ್ ಬೆಲ್ಟ್ರಾನ್ ಹಟ ಹಿಡಿದು ಕೇಳಿದ್ದರಿಂದ ಅದು ಬಂತು. ಜಪಾನಿನ ಆಟಗಾರರ ಪಕ್ಕದಲ್ಲಿ ವರ್ಷಗಳಿಂದ ದುಭಾಷಿ ನಿಂತಿರುತ್ತಿದ್ದಾಗ ಸ್ಪ್ಯಾನಿಷ್ ಆಡುವವರು ಮಾತ್ರ ತಮ್ಮ ಪಾಡನ್ನು ತಾವೇ ನೋಡಿಕೊಳ್ಳಬೇಕಾಗಿತ್ತು. ಪಿಚರ್ ಮತ್ತು ಕ್ಯಾಚರ್ ನಡುವೆ ಸಂಕೇತ ಸಾಗಿಸುವ ಪಿಚ್‌ಕಾಮ್ ಎಂಬ ಸಾಧನವೂ 2022ರಲ್ಲಿ ಬಂತು. ಅದು ಟೋಪಿಯೊಳಗೆ ಸ್ಪ್ಯಾನಿಷ್‌ನಲ್ಲೂ ಉಸುರುತ್ತದೆ. ಆದರೆ ಅದು ಹೇಳುವುದು ಯಾವ ಎಸೆತ, ಯಾವ ಜಾಗಕ್ಕೆ ಎಂದಷ್ಟೇ. ಹೆದರಿದ ಹುಡುಗನಿಗೆ ಧೈರ್ಯ ತುಂಬಲು ಅದಕ್ಕೆ ಬರುವುದಿಲ್ಲ. ಹೈಸ್ಕೂಲು ತಂಡದಲ್ಲಿ, ಬಡಾವಣೆಯ ತಂಡದಲ್ಲಿ ಯಾವ ದುಭಾಷಿಯೂ ಇರುವುದಿಲ್ಲ.

ನನಗೆ ನಿಜವಾಗಿ ನೋವು ತರುವ ಸಂಗತಿ ಬೇರೆಯೇ. ಭಾಷೆ ಬರದಿರುವುದನ್ನು ಈ ಆಟ ಯಾವಾಗಲೂ ಒಂದೇ ಕಡೆಯವರ ಕೊರತೆಯೆಂದು ಲೆಕ್ಕ ಹಾಕಿದೆ. 1960ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮ್ಯಾನೇಜರ್ ಆಲ್ವಿನ್ ಡಾರ್ಕ್ ತಂಡದ ಕೋಣೆಯಲ್ಲಿ ಸ್ಪ್ಯಾನಿಷ್ ಆಡಕೂಡದೆಂದು ಹೇಳಿದರು. ಪೋರ್ಟೊ ರಿಕೊದ ಆಟಗಾರ ರಾಬರ್ಟೊ ಕ್ಲೆಮೆಂಟೆ ಆಡಿದ ಇಂಗ್ಲಿಷನ್ನು ಪತ್ರಿಕೆಗಳು ಉಚ್ಚಾರದ ತಪ್ಪುಗಳೊಂದಿಗೇ ಅಚ್ಚು ಹಾಕುತ್ತಿದ್ದವು. ಅದೇ ಕ್ಲೆಮೆಂಟೆ 1971ರ ವರ್ಲ್ಡ್ ಸೀರೀಸ್ ಗೆದ್ದ ದಿನ ದೂರದರ್ಶನದ ಎದುರು ಮೊದಲು ತಮ್ಮ ಭಾಷೆಯಲ್ಲೇ ತಂದೆತಾಯಿಯ ಆಶೀರ್ವಾದ ಬೇಡಿದರು. ಹಳೆಯ ಕಾಲದ ಕಥೆಯೆಂದು ತಳ್ಳಿಹಾಕುವಂತಿಲ್ಲ. 2021ರ ಫೆಬ್ರವರಿಯಲ್ಲಿ ಸಿಯಾಟಲ್ ಮ್ಯಾರಿನರ್ಸ್ ಅಧ್ಯಕ್ಷ ಕೆವಿನ್ ಮ್ಯಾಥರ್, ತಮ್ಮದೇ ತಂಡದ ಇಪ್ಪತ್ತರ ಹುಡುಗ ಹೂಲಿಯೊ ರೊಡ್ರಿಗೆಸ್‌ನ ಇಂಗ್ಲಿಷ್ ಬಗ್ಗೆ ಹಗುರವಾಗಿ ಮಾತನಾಡಿ ಹುದ್ದೆ ಬಿಡಬೇಕಾಯಿತು. ಮರುವರ್ಷವೇ ಆ ಹುಡುಗ ಅಮೆರಿಕನ್ ಲೀಗಿನ ವರ್ಷದ ಹೊಸ ಆಟಗಾರನಾದ.

ಮಯಾಮಿ ಮಾರ್ಲಿನ್ಸ್ ತಂಡದ ಮುಖ್ಯಸ್ಥರಾಗಿದ್ದಾಗ ಹಿಂದಿನ ಖ್ಯಾತ ಆಟಗಾರ ಡೆರೆಕ್ ಜೀಟರ್ ಅಮೆರಿಕದ ಆಟಗಾರರಿಗೂ ಸ್ಪ್ಯಾನಿಷ್ ಪಾಠ ಏರ್ಪಡಿಸಿದ್ದು ಅದಕ್ಕೇ ನನಗೆ ತುಂಬ ಮೆಚ್ಚುಗೆಯಾಯಿತು. ದಾರಿ ಎರಡೂ ಕಡೆಯಿಂದ ನಡೆಯಬೇಕು.

ಮೂರನೆಯ ಭಾಷೆ ಬಂದರೆ ಮನೆಯ ಕನ್ನಡ ಕೆಡುತ್ತದೆ ಎಂದು ಹೆದರುವ ತಾಯಂದಿರಿಗೆ ಒಂದು ಮಾತು. ಶಿವಮೊಗ್ಗದ ಅಜ್ಜಿಯೊಂದಿಗೆ ಕನ್ನಡದಲ್ಲಿ, ಶಾಲೆಯಲ್ಲಿ ಇಂಗ್ಲಿಷ್‌ನಲ್ಲಿ ದಿನವೂ ಮಾತನಾಡುವ ಮಗುವಿಗೆ ಭಾಷೆಯಿಂದ ಭಾಷೆಗೆ ದಾಟುವ ಅಭ್ಯಾಸ ಆಗಲೇ ಇರುತ್ತದೆ. ಕೆಡಿಸುವುದು ಮನೆಯಲ್ಲಿ ಕನ್ನಡ ಆಡದಿರುವುದು; ಸ್ಪ್ಯಾನಿಷ್ ಅಲ್ಲ. ಇನ್ನು ಶಾಲೆಯ ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಿದರೆ ಸಾಲದು, ತಂಡದ ಹುಡುಗರ ಜೊತೆ ಆಡಿಯೇ ಕಲಿಯಬೇಕು. ನಮ್ಮ ಮಕ್ಕಳ ಪಂದ್ಯಗಳಲ್ಲಿ ಮೆಕ್ಸಿಕೊ ಮೂಲದ ತಂದೆತಾಯಿಯರು ಮೊದಲ ಬೇಸಿನ ಬದಿಯ ಮೆಟ್ಟಿಲುಗಳಲ್ಲಿ ಕೂರುತ್ತಾರೆ, ನಾವು ಮೂರನೆಯ ಬೇಸಿನ ಬದಿಯಲ್ಲಿ ನಮ್ಮ ನಮ್ಮ ಡಬ್ಬಿ ಬಿಚ್ಚಿಕೊಂಡು. ಮುಂದಿನ ಶನಿವಾರದಿಂದ ನಾನಂತೂ ಆ ಕಡೆ ಹೋಗಿ ಕೂರುತ್ತೇನೆ. ಬರುವವರು ಬನ್ನಿ, ಚಕ್ಕುಲಿ ನಾನು ತರುತ್ತೇನೆ.