ಎಲೆಬಣ್ಣದ ದಾರಿ ಯಾರ ಸುಪರ್ದಿನಲ್ಲಿರಬೇಕು?

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುಭಾಗದವರೆಗೆ ಕಾಡು ಬಣ್ಣಕ್ಕೆ ತಿರುಗುತ್ತದೆ. ಬಾಸ್ಟನ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರ ಸಂಸಾರಗಳೂ ಆಗ ಒಂದಲ್ಲ ಒಂದು ವಾರಾಂತ್ಯ ಉತ್ತರದ ಬೆಟ್ಟಗಳತ್ತ ಹೊರಡುತ್ತವೆ. ಹೆಚ್ಚಿನವರು ಹಿಡಿಯುವುದು ನ್ಯೂ ಹ್ಯಾಂಪ್‌ಶೈರ್‌ನ ಕಾಂಕಾಮಾಗಸ್ ಹೆದ್ದಾರಿಯನ್ನು. ಅಲ್ಲಿ ನೋಟವೇನೋ ಭವ್ಯವಾಗಿಯೇ ಇರುತ್ತದೆ, ಆದರೆ ಆ ದಿನಗಳಲ್ಲಿ ಕಣ್ಣಿಗೆ ಬೀಳುವುದರಲ್ಲಿ ಮುಂದಿನ ವಾಹನದ ಹಿಂಬದಿಯ ಪಾಲು ದೊಡ್ಡದು. ನಾನೂ ನನ್ನ ಪತ್ನಿಯೂ ಹೆದ್ದಾರಿಯನ್ನು ಬಿಟ್ಟು ವರ್ಮಾಂಟ್ ರಾಜ್ಯದ ಮಣ್ಣಿನ ರಸ್ತೆಗಳನ್ನು ನೆಚ್ಚಿಕೊಂಡಿದ್ದೇವೆ. ಎಲೆಬಣ್ಣವನ್ನು ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಕ್ರಮವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ದಾರಿಗಳನ್ನು ಅಲ್ಲಿನ ಊರುಗಳು ನಡೆಸಿಕೊಂಡು ಬರುವ ರೀತಿಯಿಂದ ನಮ್ಮ ಮಲೆನಾಡು ಕಲಿಯಬೇಕಾದದ್ದು ಇದೆ ಎಂದೂ ನಾನು ನಂಬಿದ್ದೇನೆ.

ವರ್ಮಾಂಟಿನ ರಸ್ತೆಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಇಂದಿಗೂ ಡಾಂಬರು ಕಾಣದವು. ಹಿಂದಿನ ಕಾಲದ ರೈತರು ಕಲ್ಲಿನ ಪಾಗಾರದ ಗುಂಟ ನೆಟ್ಟ ಸಕ್ಕರೆ ಮೇಪಲ್ ಮರಗಳು ಎಷ್ಟೋ ಕಡೆ ಎರಡೂ ಬದಿಯಿಂದ ಬಾಗಿ ದಾರಿಯ ಮೇಲೆ ಚಪ್ಪರ ಹಾಕಿವೆ. ಧೂಳೆದ್ದು ಮನೆಗಳ ಮೇಲೆ ಕೂರಬಾರದೆಂದು ಗಾಡಿಯನ್ನು ನಿಧಾನವಾಗಿಯೇ ಓಡಿಸಬೇಕು. ಈ ನಿಧಾನದಿಂದಾಗಿಯೇ ಒಂದು ಮರದ ಬಣ್ಣ ಇನ್ನೊಂದರದಕ್ಕಿಂತ ಹೇಗೆ ಬೇರೆ ಎಂಬುದು ಗೊತ್ತಾಗುತ್ತದೆ. ಬರ್ಚ್ ಮರದ ಹಳದಿ ಬೇಸಿಗೆಯುದ್ದಕ್ಕೂ ಎಲೆಯೊಳಗೆ ಇದ್ದದ್ದೇ. ಹಗಲು ಕುಗ್ಗಿ ಪತ್ರಹರಿತ್ತು ಕರಗಿದ ಮೇಲೆ ಅದು ಹೊರಗೆ ಕಾಣಿಸುತ್ತದೆ. ಮೇಪಲ್ಲಿನ ಕೆಂಪು ಹಾಗಲ್ಲ. ಬಿಸಿಲಿನ ಹಗಲು ತಯಾರಾದ ಸಕ್ಕರೆ ತಣ್ಣನೆಯ ರಾತ್ರಿಗಳಲ್ಲಿ ಎಲೆಯಲ್ಲೇ ಉಳಿದು, ಅದರಿಂದ ಆಂಥೊಸಯನಿನ್ ಎಂಬ ವರ್ಣದ್ರವ್ಯ ಹೊಸದಾಗಿ ಹುಟ್ಟುವುದರಿಂದ ಬರುವ ಕೆಂಪು ಅದು. ಆದ್ದರಿಂದಲೇ ಮೋಡ ಕವಿದ ಬೆಚ್ಚನೆಯ ವರ್ಷಗಳಲ್ಲಿ ಹಳದಿ ಇದ್ದೇ ಇರುತ್ತದೆ, ಕೆಂಪು ಮಂಕಾಗುತ್ತದೆ. ಬಣ್ಣವು ಉತ್ತರದಿಂದ ದಕ್ಷಿಣಕ್ಕೂ ಎತ್ತರದಿಂದ ತಗ್ಗಿಗೂ ಇಳಿದು ಬರುತ್ತದೆಯಾದ್ದರಿಂದ ಒಂದೇ ದಿನದ ಪ್ರಯಾಣದಲ್ಲಿ ಗುಡ್ಡದ ನೆತ್ತಿ ಬೋಳಾಗಿರುವುದನ್ನೂ ಹೊಳೆಯಂಚು ಇನ್ನೂ ಹಸಿರಾಗಿರುವುದನ್ನೂ ಕಾಣಬಹುದು.

ಇದೇ ಆಂಥೊಸಯನಿನ್ ನಮ್ಮ ಕಾಡುಗಳಲ್ಲಿಯೂ ಇದೆ, ಆದರೆ ಅಲ್ಲಿ ಅದು ಎಲೆಯ ಹುಟ್ಟಿನ ಬಣ್ಣ. ಮಾಘ, ಫಾಲ್ಗುಣಗಳಲ್ಲಿ ಸಾಗಡೆ, ನಾಗಸಂಪಿಗೆ, ದಾಲ್ಚಿನ್ನಿ, ಮಾವುಗಳ ಚಿಗುರಿನಿಂದ ಪಶ್ಚಿಮಘಟ್ಟದ ಇಳಿಜಾರುಗಳು ಕೆಂಪೇರುವುದನ್ನು ನೋಡಲೆಂದೇ ಹೊರಟ ದಂಪತಿಗಳನ್ನು ನಾನು ಕಂಡಿಲ್ಲ. ನಮ್ಮವರು ಘಟ್ಟಕ್ಕೆ ಹೋಗುವುದು ಮಳೆಗೆ, ಮಂಜಿಗೆ, ಜಲಪಾತಕ್ಕೆ, ದೇವರ ದರ್ಶನಕ್ಕೆ. ಶಿರಸಿಯ ಕಡೆಯವನಾದ ನನಗೆ ಬಾಲ್ಯದಲ್ಲಿ ಎಲೆಯೆಂದರೆ ಕೊಟ್ಟಿಗೆಗೆ ಹಾಸುವ ಸೊಪ್ಪು, ಗೊಬ್ಬರದ ಗುಂಡಿಗೆ ಸೇರುವ ದರಕು. ಎಲೆ ಬದುಕಿಗೆ ಅಷ್ಟು ಬೇಕಾದ ವಸ್ತುವಾಗಿರುವಾಗ ಅದರ ಚೆಲುವನ್ನು ನೋಡಲೆಂದೇ ದಿನವೊಂದನ್ನು ತೆಗೆದಿಡುವ ರೂಢಿ ಬೆಳೆಯದಿದ್ದುದು ಸಹಜ. ಆದರೂ ಆ ಕೆಂಪು ಚಿಗುರಿಗಾಗಿ ಒಂದು ದಿನ ತೆಗೆದಿಡುವ ಕಾಲ ಬರಬೇಕೆಂಬ ಆಸೆ ನನಗಿದೆ. ಬಂದರೆ ಅದಕ್ಕೊಂದು ಶಿಸ್ತೂ ಜೊತೆಗೇ ಬರಬೇಕು.

ವರ್ಮಾಂಟಿನ ಕಾಡು ಆದಿಯಿಂದಲೂ ಹೀಗೆಯೇ ಇದ್ದದ್ದಲ್ಲ. 1811ರಲ್ಲಿ ಮೆರಿನೊ ಕುರಿಗಳನ್ನು ತಂದ ಮೇಲೆ ಉಣ್ಣೆಯ ಆಸೆಗೆ ಬೆಟ್ಟಗಳೆಲ್ಲ ಹುಲ್ಲುಗಾವಲಾದವು. ಮರ ಹೋದೆಡೆ ಮಣ್ಣು ಕೊಚ್ಚಿಹೋಯಿತು, ಹೊಳೆಗಳು ಹೂಳಿನಿಂದ ತುಂಬಿದವು. ವುಡ್‌ಸ್ಟಾಕ್ ಊರಿನಲ್ಲಿ 1801ರಲ್ಲಿ ಹುಟ್ಟಿ ಈ ಬದಲಾವಣೆಯನ್ನು ಕಣ್ಣಾರೆ ಕಂಡ ಜಾರ್ಜ್ ಪರ್ಕಿನ್ಸ್ ಮಾರ್ಷ್, ಮುಂದೆ ಮನುಷ್ಯನಿಂದ ನೆಲಕ್ಕಾಗುವ ಹಾನಿಯ ಕುರಿತು ಜಗತ್ತನ್ನು ಎಚ್ಚರಿಸಿದವರಲ್ಲಿ ಮೊದಲಿಗನಾದನು. ಉಣ್ಣೆಯ ಬೆಲೆ ಬಿದ್ದು, ರೈತರು ಪಶ್ಚಿಮದ ಫಲವತ್ತಾದ ನೆಲಕ್ಕೆ ವಲಸೆ ಹೋದ ಬಳಿಕ, ಪಾಳುಬಿದ್ದ ಹುಲ್ಲುಗಾವಲುಗಳಲ್ಲಿ ಕಾಡು ತಾನಾಗಿ ಮರಳಿತು. ಇಂದು ರಾಜ್ಯದ ಸುಮಾರು ಮುಕ್ಕಾಲು ಭಾಗ ಕಾಡಿದೆ. ದಟ್ಟ ಮರಗಳ ನಡುವೆ ಹಾದುಹೋಗುವ ಕಲ್ಲಿನ ಪಾಗಾರಗಳು ಒಂದು ಕಾಲದ ಕುರಿದೊಡ್ಡಿಗಳ ಗುರುತು. ಇಂಥ ಪಾಗಾರ ಕಂಡಾಗಲೆಲ್ಲ ನನಗೆ ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳು ನೆನಪಾಗುತ್ತವೆ. ಅಡಿಕೆ ತೋಟದ ಮನೆಗಳಿಗೆ ಸೊಪ್ಪಿಗೆಂದು ಬಿಟ್ಟುಕೊಟ್ಟ ಆ ಬೆಟ್ಟಗಳಲ್ಲಿ, ಹದವರಿತು ಕೊಂಬೆ ಸವರಿದ ಮನೆಯವರ ಬೆಟ್ಟ ಹಸಿರಾಗಿ ಉಳಿದಿತ್ತು. ಹೊಣೆ ಹೊರುವವರಿಲ್ಲದ ಜಾಗ ಬೋಳಾಗುತ್ತಿತ್ತು.

ಹೊಣೆಯ ವಿಷಯದಲ್ಲಿ ವರ್ಮಾಂಟ್ ಒಂದು ಸ್ಪಷ್ಟ ವ್ಯವಸ್ಥೆಯನ್ನು ಉಳಿಸಿಕೊಂಡಿದೆ. ಮಣ್ಣಿನ ರಸ್ತೆಗಳಲ್ಲಿ ಹೆಚ್ಚಿನವು ಆಯಾ ಊರಿಗೆ ಸೇರಿದವು. ಹಿಮ ತೆಗೆಯುವುದಕ್ಕೂ, ಮಾರ್ಚ್, ಏಪ್ರಿಲ್‌ಗಳ ಕೆಸರುಗಾಲದ ನಂತರ ಜಲ್ಲಿ ಹಾಕುವುದಕ್ಕೂ ಎಷ್ಟು ಹಣ ಬೇಕೆಂಬುದನ್ನು ಮಾರ್ಚ್ ಮೊದಲ ಮಂಗಳವಾರದ ಸುಮಾರಿಗೆ ಸೇರುವ ಊರಸಭೆಯಲ್ಲಿ ಜನರೇ ಮತ ಹಾಕಿ ತೀರ್ಮಾನಿಸುತ್ತಾರೆ. ಜನಸಂಖ್ಯೆ ಸಾವಿರವನ್ನೂ ಮುಟ್ಟದ ಪಾಮ್‌ಫ್ರೆಟ್ ಎಂಬ ಹಳ್ಳಿಯಲ್ಲಿ ಕ್ಲೌಡ್‌ಲ್ಯಾಂಡ್ ಎಂಬ ಕಿರಿದಾದ ದಾರಿಯಿದೆ. ಅದರ ಪಕ್ಕದ ತೋಟದ ಮನೆಯೊಂದರ ಚಿತ್ರಗಳು ಸಾಮಾಜಿಕ ಜಾಲತಾಣಗಳಲ್ಲಿ ಹರಡಿದ ಮೇಲೆ ಅಲ್ಲಿಗೆ ಜನ ಮುಗಿಬಿದ್ದರು. ದಾರಿಗೆ ಅಡ್ಡವಾಗಿ ಕಾರು ನಿಲ್ಲಿಸುವುದು, ಬೇಲಿ ದಾಟಿ ಒಳಗೆ ನುಗ್ಗುವುದು, ಫೋಟೋಗಾಗಿ ಅಲ್ಲೇ ಬಟ್ಟೆ ಬದಲಿಸುವುದು ನಡೆಯತೊಡಗಿತು. ಊರಿನ ಚುನಾಯಿತ ಮಂಡಳಿ ಸಭೆ ಸೇರಿ, 2023ರ ಸೆಪ್ಟೆಂಬರ್ 23ರಿಂದ ಅಕ್ಟೋಬರ್ 15ರವರೆಗೆ ಆ ದಾರಿಯನ್ನು ಹೊರಗಿನವರ ವಾಹನಗಳಿಗೆ ಮುಚ್ಚಿತು.

ಈ ನಿರ್ಧಾರದ ಕುರಿತು ನಮ್ಮಿಬ್ಬರಲ್ಲಿ ಒಮ್ಮತವಿಲ್ಲ. ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲಿ ಬೆಳೆದ ನನ್ನ ಪತ್ನಿ, ಗೇಟು ಹಾಕಿದರೆ ಲಾಭವಾಗುವುದು ದೊಡ್ಡ ಜಮೀನಿನವರಿಗೆ ಎನ್ನುತ್ತಾಳೆ. “ನಾಲ್ಕು ಜನ ಬೇಲಿ ಹಾರಿದ್ರು ಅಂತ ಬಂದವರನ್ನೆಲ್ಲ ವಾಪಸ್ ಕಳಿಸೋದು ಯಾವ ನ್ಯಾಯ ರೀ?” ಎಂಬುದು ಆಕೆಯ ಪ್ರಶ್ನೆ. ತನ್ನ ತವರಿನ ಅಂಗಳದಲ್ಲಿ ದಾರಿ ತಪ್ಪಿ ಬಂದವರಿಗೂ ಕಾಫಿ ಕೊಟ್ಟು ಕಳಿಸುತ್ತಿದ್ದುದನ್ನು ಕಂಡವಳಿಗೆ ಹಾಗೆ ಅನ್ನಿಸುವುದರಲ್ಲಿ ಅರ್ಥವಿದೆ. ಆದರೆ ಆ ದಾರಿಯಲ್ಲಿ ಆಂಬುಲೆನ್ಸ್ ಬರಬೇಕಾದವರೂ, ಮಕ್ಕಳನ್ನು ಶಾಲೆಗೆ ಕಳಿಸಬೇಕಾದವರೂ ವಾಸವಾಗಿದ್ದಾರೆ. ಮೂರು ವಾರ ಬಿಟ್ಟರೆ ವರ್ಷದ ಉಳಿದ ದಿನಗಳಲ್ಲಿ ದಾರಿ ಎಲ್ಲರಿಗೂ ತೆರೆದೇ ಇರುತ್ತದೆ. ನಾವಿಬ್ಬರೂ ಆ ಊರನ್ನು ಬಿಟ್ಟು ಬಾರ್ನಾರ್ಡ್ ಕಡೆಯ ದಾರಿಗಳಲ್ಲಿ ಸಂಚರಿಸಿದಾಗ ಬಣ್ಣಕ್ಕೇನೂ ಕೊರತೆಯಾಗಲಿಲ್ಲ.

ನಡತೆಗೇಡಿನಲ್ಲಿ ಅಲ್ಲಿನವರಿಗೂ ಇಲ್ಲಿನವರಿಗೂ ಅಂತರವಿಲ್ಲ. ಮಳೆಗಾಲದ ಚಾರ್ಮಾಡಿ ಘಾಟಿಯಲ್ಲಿ ತಿರುವಿನಲ್ಲೇ ವಾಹನ ನಿಲ್ಲಿಸಿ ಜಾರುವ ಬಂಡೆ ಹತ್ತುವವರನ್ನು ನೋಡಿದವರಿಗೆ ಕ್ಲೌಡ್‌ಲ್ಯಾಂಡಿನ ಕಥೆ ಹೊಸದೆನಿಸದು. ಅಂತರವಿರುವುದು ತಡೆಯುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಚಾರಣಕ್ಕೆ ನೂಕುನುಗ್ಗಲಾದಾಗ ಅದನ್ನು ನಿಲ್ಲಿಸಿದ್ದು ಅರಣ್ಯ ಇಲಾಖೆ. ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೆ ಮಿತಿ ಹಾಕಿ ಮುಂಗಡ ನೋಂದಣಿ ತಂದದ್ದು ಜಿಲ್ಲಾಡಳಿತ. ಈ ಕ್ರಮಗಳು ಸರಿಯಾದವೇ, ಬಹುಶಃ ತಡವಾಗಿ ಬಂದವು ಕೂಡ. ಆದರೆ ಆ ರಸ್ತೆಯ ಬದಿಯಲ್ಲಿ ಬದುಕುವವರು ಹೊಗೆ, ಬಾಟಲಿ, ಹಾರ್ನುಗಳನ್ನು ವರ್ಷಗಟ್ಟಲೆ ಸಹಿಸಿಕೊಂಡು, ಕೊನೆಗೆ ಮೇಲಿನ ಆದೇಶಕ್ಕಾಗಿ ಕಾಯಬೇಕಾಗಿ ಬಂದದ್ದು ನನ್ನನ್ನು ನೋಯಿಸುತ್ತದೆ. ಯಾವ ತಿರುವಿನಲ್ಲಿ ಬಸ್ಸು ಸಿಕ್ಕಿಕೊಳ್ಳುತ್ತದೆ, ಯಾವ ಹಳ್ಳದ ನೀರನ್ನು ಊರು ಕುಡಿಯುತ್ತದೆ ಎಂಬುದು ಕಚೇರಿಯಲ್ಲಿ ಕುಳಿತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ವರ್ಮಾಂಟ್ 1968ರಲ್ಲಿಯೇ ಕಾಯ್ದೆ ಮಾಡಿ ರಸ್ತೆಬದಿಯ ದೊಡ್ಡ ಜಾಹೀರಾತು ಫಲಕಗಳನ್ನು ನಿಷೇಧಿಸಿತು. ಹೋಟೆಲು, ತೋಟ, ಅಂಗಡಿಗಳಿಗೆಲ್ಲ ಒಂದೇ ಅಳತೆಯ ಪುಟ್ಟ ಸೂಚನಾಫಲಕಗಳು ಇವೆ. ವ್ಯಾಪಾರ ಅದರಿಂದ ಕೆಟ್ಟಿಲ್ಲ. ಕಾಯುವವರಿಲ್ಲದ ಕಟ್ಟೆಯ ಮೇಲೆ ಕುಂಬಳಕಾಯಿ, ಸೇಬು, ಮೇಪಲ್ ಪಾಕದ ಸೀಸೆಗಳನ್ನಿಟ್ಟು ಪಕ್ಕದಲ್ಲೊಂದು ಹಣದ ಡಬ್ಬಿ ಇರಿಸಿದ ರೈತರು ದಾರಿಯುದ್ದಕ್ಕೂ ಕಾಣಸಿಗುತ್ತಾರೆ. ಸುಮಾರು ನಲವತ್ತು ಗ್ಯಾಲನ್ ಮರದ ರಸವನ್ನು ಕುದಿಸಿದರೆ ಒಂದು ಗ್ಯಾಲನ್ ಪಾಕವಾಗುತ್ತದೆ. ಆದ್ದರಿಂದ ಆ ಸೀಸೆಗೆ ಚೌಕಾಸಿಯಿಲ್ಲದೆ ಹಣ ಹಾಕುವುದೇ ಮರ್ಯಾದೆಯೆಂದು ನಾವಿಬ್ಬರೂ ಭಾವಿಸುತ್ತೇವೆ. ನಮ್ಮ ಘಟ್ಟದ ರಸ್ತೆಗಳಲ್ಲಿ ಹೋಂಸ್ಟೇಗಳ ಫಲಕಗಳನ್ನು ಜೀವಂತ ಮರಕ್ಕೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಮರವನ್ನು ನೋಡಲು ಬರುವವರನ್ನು ಕರೆಯುವುದಕ್ಕೆ ಮರಕ್ಕೇ ಮೊಳೆ ಹೊಡೆಯುವುದು ನಿಲ್ಲಲೇಬೇಕು.

ಇದಕ್ಕೆಲ್ಲ ನಮ್ಮಲ್ಲಿ ಹೊಸ ಸಂಸ್ಥೆಯನ್ನು ಕಟ್ಟಬೇಕಾಗಿಲ್ಲ. ಗ್ರಾಮಸಭೆಗೆ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಸ್ಥಾನವಿದೆ, ಮಲೆನಾಡಿನ ಹಳ್ಳಿಗಳಲ್ಲಿ ಅದು ಸೇರುತ್ತಲೂ ಇದೆ. ಪ್ರವಾಸಿಗರು ಹೆಚ್ಚುವ ತಿಂಗಳುಗಳಲ್ಲಿ ತಮ್ಮೂರಿನ ಮೂಲಕ ದಿನಕ್ಕೆ ಎಷ್ಟು ವಾಹನ ಹೋಗಬಹುದು, ಯಾವ ದಾರಿಯನ್ನು ಎಷ್ಟು ವಾರ ಮುಚ್ಚಬೇಕು, ಕಾರು ನಿಲ್ಲಿಸಲು ಯಾರ ಗದ್ದೆಯನ್ನು ಯಾವ ಬಾಡಿಗೆಗೆ ಪಡೆಯಬೇಕು ಎಂಬುದನ್ನು ಆ ಸಭೆಯೇ ತೀರ್ಮಾನಿಸಲಿ. ಪ್ರವೇಶ ಶುಲ್ಕದಲ್ಲಿ ಒಂದು ಪಾಲು ಖಜಾನೆಗೆ ಹೋಗದೆ ಆ ಊರಿನ ರಸ್ತೆಗೇ ಬರಲಿ. ಇಲಾಖೆಗಳು ಆ ತೀರ್ಮಾನವನ್ನು ಜಾರಿಗೊಳಿಸುವ ಕೆಲಸ ಮಾಡಲಿ. ನನ್ನ ಪತ್ನಿ ಇದಕ್ಕೆ ಒಪ್ಪುತ್ತಾಳೆ, ಒಂದು ಷರತ್ತಿನ ಮೇಲೆ: ದಾರಿ ಮುಚ್ಚಿದ ದಿನಗಳಲ್ಲಿ ಕಾರಿಲ್ಲದೆ ನಡೆದು ಬರುವವರನ್ನು ಯಾವ ಊರೂ ತಡೆಯಬಾರದು. ಆ ಷರತ್ತನ್ನು ನಾನೂ ಒಪ್ಪಿದ್ದೇನೆ.