ಆ ಕೀಪರ್ ಯಾರು ಮಾರಾಯ್ರೇ?

ನಿನ್ನೆ ಒಂದು ಫುಟ್‌ಬಾಲ್ ಕಾರ್ಯಕ್ರಮದಲ್ಲಿ ನಾನು ಹೊಡೆದ ಪೆನಾಲ್ಟಿಗೆ ಅವನು ಎಡಕ್ಕೆ ಹಾರಿದ. ಚೆಂಡು ಎಡಕ್ಕೂ ಹೋಗಿರಲಿಲ್ಲ, ಬಲಕ್ಕೂ ಹೋಗಿರಲಿಲ್ಲ. ನೆಟ್ಟಗೆ ಅವನು ನಿಂತಿದ್ದ ಜಾಗಕ್ಕೇ ಉರುಳಿಕೊಂಡು ಹೋಗುತ್ತಿತ್ತು. ಸುಮ್ನೆ ನಿಂತಿದ್ದರೂ ಸಾಕಿತ್ತು, ಬೂಟಿಗೆ ತಾಗಿ ತಾನಾಗಿಯೇ ನಿಲ್ಲುತ್ತಿತ್ತು. ಆದರೂ ಹಾರಿದ. ಬಿದ್ದವನು ಟರ್ಫಿಗೆ ಕೈ ಬಡಿದು "ಛೇ!" ಅಂತ ಬೇರೆ ಅಂದ. ಎಂಥ ನಟನೆ! ಯಕ್ಷಗಾನ ಮೇಳದಲ್ಲಿ ಇರಬೇಕಾದವನು. ಅಲ್ಲ, ಮೇಳದವರು ಸೇರಿಸಿಕೊಳ್ಳಲಿಕ್ಕಿಲ್ಲ. ಅಷ್ಟು ಕೆಟ್ಟ ನಟನೆ.

ರಾತ್ರಿ ಒಂದೂವರೆ ಆಯಿತು. ನಿದ್ದೆ ಇಲ್ಲ. ಬೆಳಿಗ್ಗೆ ಆಫೀಸು ಉಂಟು, ಜಿಎಸ್‌ಟಿ ರಿಟರ್ನ್ ತಲೆ ಮೇಲೆ ಕೂತಿದೆ. ಆ ವಿಡಿಯೋ ಈವರೆಗೆ 17 ಸಲ ನೋಡಿದೆ. ನಿಧಾನ ಮಾಡಿ ನೋಡಿದೆ. ನನ್ನ ಕಾಲು ಚೆಂಡಿಗೆ ತಾಗುವ ಮೊದಲೇ ಅವನ ಮಂಡಿ ಬಗ್ಗಿದೆ. ಅಂದರೆ ಎಲ್ಲ ಮೊದಲೇ ತೀರ್ಮಾನ ಆಗಿತ್ತು. ನಾನು ಹೇಗೆ ಹೊಡೆದರೂ ಗೋಲು. ಚೆಂಡಿನ ಬದಲು ಮೂಸಂಬಿ ಇಟ್ಟಿದ್ದರೂ ಗೋಲು.

ಯಾರ ಕಾರ್ಯಕ್ರಮ, ಎಲ್ಲಿ ಅಂತ ಬರೆಯುವುದಿಲ್ಲ. ಭಾವನಿಗೆ ಅವರ ಪರಿಚಯ ಉಂಟು. ಮಂಗಳೂರು ಎಷ್ಟು ಸಣ್ಣ ಊರು ಅಂತ ನಿಮಗೂ ಗೊತ್ತು. ಹಂಪನಕಟ್ಟೆಯಲ್ಲಿ ಸೀನಿದರೆ ಸುರತ್ಕಲ್‌ನಲ್ಲಿ ಕೇಳುತ್ತದೆ. ಅವರು ಕೆಟ್ಟವರೂ ಅಲ್ಲ. ಅದೇ ದೊಡ್ಡ ತೊಂದರೆ. ಕೆಟ್ಟವರಾಗಿದ್ದರೆ ಬೈದು ಮಲಗಬಹುದಿತ್ತು.

ಪೋಸ್ಟರಿನಲ್ಲಿ "ಸಿಪಿ ಫುಟ್‌ಬಾಲ್" ಅಂತ ಇತ್ತು. ಸಿಪಿ ಅಂದರೆ ಸೆರೆಬ್ರಲ್ ಪಾಲ್ಸಿ, ನನಗಿರುವುದು ಅದೇ. ಅದಕ್ಕೇ ನಾನು ಬಿದ್ದದ್ದು. ಈ ಊರಿನಲ್ಲಿ ಆ ಎರಡು ಪದ ಒಟ್ಟಿಗೆ ಇದ್ದದ್ದನ್ನು ನಾನು ನೋಡಿದ್ದೇ ಮೊದಲ ಸಲ. ಮೂರು ವಾರ ಬೆಳಿಗ್ಗೆ ಎದ್ದು ನೆಹರೂ ಮೈದಾನಕ್ಕೆ ಹೋದೆ. ಬಲಗಾಲಿನ ಸ್ಪ್ಲಿಂಟಿಗೆ ಹೊಸ ಪಟ್ಟಿ ಹಾಕಿಸಿದೆ. ಬಲಗಾಲು ಒಂದು ಸೈಜು ಸಣ್ಣ, ಸ್ಪ್ಲಿಂಟ್ ಹಾಕಿದರೆ ಅದೇ ಒಂದು ಸೈಜು ದೊಡ್ಡ. ಹಾಗಾಗಿ ಎರಡು ಜೊತೆ ಬೂಟು ತಗೊಂಡು ಒಂದೊಂದು ಹಾಕಿಕೊಳ್ಳುವುದು. ಉಳಿದ ಎರಡು ಬೂಟು ಮಂಚದ ಕೆಳಗೆ. ನನ್ನ ಹಾಗೇ ಇನ್ನೊಬ್ಬ, ಉಲ್ಟಾ ಕಾಲಿನವನು, ಈ ಊರಲ್ಲಿ ಎಲ್ಲೋ ಇದ್ದೇ ಇರುತ್ತಾನೆ, ಅವನಿಗೆ ಕೊಡಬಹುದು ಅಂತ ಇಟ್ಟಿದ್ದೇನೆ. ನಿನ್ನೆ ಅವನು ಸಿಗಬಹುದು ಅಂತಲೂ ಅಂದುಕೊಂಡಿದ್ದೆ. ಹುಚ್ಚು.

ಹೋಗಿ ನೋಡಿದರೆ ಪಂದ್ಯವೇ ಇಲ್ಲ. ಒಂದು ಗಂಟೆ ವೇದಿಕೆ ಕಾರ್ಯಕ್ರಮ, ಹದಿನೈದು ನಿಮಿಷ "ಪ್ರದರ್ಶನ". ವೀಲ್‌ಚೇರಿನಲ್ಲಿ ಇಬ್ಬರು ಮಕ್ಕಳು, ಕಿವಿ ಕೇಳದ ಒಬ್ಬ ಹುಡುಗ, ಇನ್ನು ಇಬ್ಬರು ಮೂವರು, ಮತ್ತೆ 29 ವರ್ಷದ, ಗಡ್ಡ ಬಿಟ್ಟ ನಾನು. ಮೈಕ್ ಹಿಡಿದವರು ಎಲ್ಲರನ್ನೂ ಒಟ್ಟಿಗೆ "ದೇವರ ಮಕ್ಕಳು" ಅಂದರು. ನನ್ನಪ್ಪ ಬಂದರಿನಲ್ಲಿ ಗುಮಾಸ್ತರಾಗಿದ್ದರು. ದೇವರು ಅಂತ ಯಾರೂ ಕರೆದದ್ದಿಲ್ಲ.

ಸಿಪಿ ಅಂದರೆ ಎಂತ ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಸಮಯಕ್ಕೋ ಮೆದುಳಿಗೆ ಪೆಟ್ಟು ಬಿದ್ದು ಸ್ನಾಯುಗಳ ಹಿಡಿತ ತಪ್ಪುವುದು. ನನಗೆ ಬಲಭಾಗ ಪೂರ್ತಿ ಬಿಗಿ. ಖುಷಿಯಾದರೂ, ಸಿಟ್ಟು ಬಂದರೂ ಬಲಗೈ ಮೊಣಕೈಯಲ್ಲಿ ಮಡಚಿಕೊಂಡು ಎದೆಗೆ ಬರುತ್ತದೆ. ಮಾತೂ ಸ್ವಲ್ಪ ನಿಧಾನ. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಇದಕ್ಕೆ ಬೇರೆಯೇ ಜಾಗ ಉಂಟು. ಕಾರ್ಡೂ ಉಂಟು. ತಲೆ ಮಾತ್ರ ಸರಿ ಉಂಟು, ಟ್ಯಾಲಿಯಲ್ಲಿ ಗೇರುಬೀಜದ ಲೆಕ್ಕ ಬರೆಯುವಷ್ಟು. ಮುಖ್ಯ ಅತಿಥಿಗಳು ಅದನ್ನೂ ನಂಬಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು ಅಕ್ಕನನ್ನು ಕೇಳಿದರು, "ಇವನಿಗೆ ನಾವು ಹೇಳಿದ್ದು ಅರ್ಥ ಆಗ್ತದಾ?"

"ಅವನನ್ನೇ ಕೇಳಿ ಸರ್" ಅಂದಳು ಅಕ್ಕ. ಅವರು ಕೇಳಲಿಲ್ಲ.

ಸರಿ, ಈಗ ಆ ಕ್ಷಣ. ಇದನ್ನು ಬರೆಯದೆ ನಿದ್ದೆ ಬರಲಿಕ್ಕಿಲ್ಲ.

ನಾನು ಎಡಗಾಲಲ್ಲಿ ಹೊಡೆಯುವವನು. ಎಡಗಾಲಲ್ಲಿ ಹೊಡೆಯಬೇಕಾದರೆ ನಿಲ್ಲಬೇಕಾದ್ದು ಬಲಗಾಲಲ್ಲಿ. ಆ ಬಲಗಾಲು ಬಸ್ಸಿನ ಮೆಟ್ಟಿಲು ಹತ್ತುವಾಗಲೇ ಕೈಕೊಡುವ ಜಾತಿಯದ್ದು. ಅದರ ಮೇಲೆ ಅರ್ಧ ಸೆಕೆಂಡು ಇಡೀ ಮೈಭಾರ ಹಾಕಿ ನಿಲ್ಲುವುದನ್ನು ಕಲಿಯಲಿಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು. ಬಿದ್ದು ಬಿದ್ದು ಕಲಿತದ್ದು. ನಿನ್ನೆ ಚೆಂಡು ಇಟ್ಟೆ. ಮೂರು ಹೆಜ್ಜೆ ಹಿಂದೆ ಬಂದೆ. ಬಲ ಮೂಲೆ ನೋಡಿಟ್ಟುಕೊಂಡೆ. ಓಡಿದೆ, ಬಲಗಾಲು ಊರಿದೆ, ಆವಾಗಲೇ ಮೈಕಿನಲ್ಲಿ "ಜೋರಾಗಿ ಚಪ್ಪಾಳೆ!" ಅಂದರು. ಜೋರು ಶಬ್ದಕ್ಕೆ ನನ್ನ ಮೈ ಬೆಚ್ಚಿಬೀಳುತ್ತದೆ, ಅದೂ ಇದೇ ಕಾಯಿಲೆಯ ಬಳುವಳಿ. ಮಂಡಿ ಅಲುಗಿತು. ಕಾಲು ಚೆಂಡಿನ ಮೇಲ್ಭಾಗಕ್ಕೆ ತಾಗಿತು. ಹೊಡೆತ ಅಂತ ಅದನ್ನು ಕರೆಯುವ ಹಾಗೇ ಇಲ್ಲ. ಅಂಗಳದಲ್ಲಿ ತೆಂಗಿನಕಾಯಿ ಉರುಳುವ ಹಾಗೆ ಉರುಳಿತು. ನನ್ನ ಜೀವಮಾನದ ಅತಿ ಕೆಟ್ಟ ಪೆನಾಲ್ಟಿ ಅದು.

ಮತ್ತೆ ಅವನು ಹಾರಿದ. ಅವನು ಹಾರಿ, ಬಿದ್ದು, "ಛೇ" ಅಂದ ಮೇಲೂ ಚೆಂಡು ಗೆರೆ ಮುಟ್ಟಿರಲಿಲ್ಲ. ನಾವಿಬ್ಬರೂ ಅದನ್ನು ನೋಡುತ್ತಾ ಇದ್ದೆವು. ಅವನು ಮಲಗಿಕೊಂಡು, ನಾನು ನಿಂತುಕೊಂಡು. ನಿಧಾನಕ್ಕೆ, ಪುರುಸೊತ್ತಿನಲ್ಲಿ, ಅದು ಒಳಗೆ ಹೋಯಿತು.

ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಹೇಳಲಿಕ್ಕೆ ನಾಚಿಕೆ ಆಗುವುದು ಮುಂದಿನದ್ದು. ನಾನು ಕೈ ಎತ್ತಿದೆ. ಹೌದು, ಎತ್ತಿದೆ. ವಿಡಿಯೋದಲ್ಲಿ ಸ್ಪಷ್ಟ ಕಾಣುತ್ತದೆ. ಎಡಗೈ ಆಕಾಶಕ್ಕೆ, ಬಲಗೈ ಎದೆಗೆ, ಬಾಯಿ ಇಷ್ಟು ಅಗಲ. ಎರಡು ಸೆಕೆಂಡು ನನಗೂ ಅದು ಗೋಲೇ! ಆಮೇಲೆ ಕೀಪರ್ ಎದ್ದು, ಮೈಕಿನವರ ಕಡೆ ನೋಡಿ, ಸಣ್ಣಕ್ಕೆ ನಕ್ಕ. "ಆಯ್ತಲ್ಲ?" ಅನ್ನುವ ಹಾಗೆ. ಆಗ ನನ್ನ ಕೈ ಇಳಿಯಿತು. ಬಲಗೈ ಇಳಿಯಲಿಲ್ಲ, ಅದು ಸಿಟ್ಟಿಗೂ ಅಲ್ಲೇ ಇರುತ್ತದಲ್ಲ.

"ಯಾಕೆ ಬಿಟ್ರಿ?" ಅಂತ ಕೇಳಬೇಕಿತ್ತು. ಎರಡೇ ಪದ. ಸಿಟ್ಟು ಬಂದರೆ ನನ್ನ ನಾಲಿಗೆ ಇನ್ನೂ ಹೂತುಹೋಗುತ್ತದೆ. "ಯಾ" ಹೊರಡುವಷ್ಟರಲ್ಲಿ ಶಾಲು ಬಿತ್ತು. "ಕೆ" ಬರುವಾಗ ಪೇಟ. ಆಮೇಲೆ ಹಣ್ಣಿನ ಬುಟ್ಟಿ. ಒಂದು ಕೈ ಮಾತ್ರ ಸರಿ ಇರುವವನಿಗೆ ಎರಡು ಕೈಯ ಬುಟ್ಟಿ ಕೊಟ್ಟರೆ ಅದು ಎಲ್ಲಿ ಇರುತ್ತದೆ? ಮೂಸಂಬಿಗಳು ವೇದಿಕೆ ತುಂಬಾ ಓಡಾಡಿದವು. ನನ್ನ ಪೆನಾಲ್ಟಿಗಿಂತ ಜೋರಾಗಿಯೇ ಹೋದವು.

ಅಮ್ಮ ವಿಡಿಯೋವನ್ನು ಮನೆಯವರ ಗ್ರೂಪಿಗೆ ಹಾಕಿದಳು. ದುಬೈ ಚಿಕ್ಕಪ್ಪ "ಕಣ್ಣಲ್ಲಿ ನೀರು ಬಂತು ಮಗಾ" ಅಂತ ಕಳಿಸಿದರು. ನನಗೂ ಬಂತು ಚಿಕ್ಕಪ್ಪ, ಬೇರೆ ಕಾರಣಕ್ಕೆ.

ಸಿಪಿ ಫುಟ್‌ಬಾಲ್ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಬೇರೆಯೇ. 2016ರ ರಿಯೋ ಪ್ಯಾರಾಲಿಂಪಿಕ್ಸ್ ಫೈನಲ್, ಉಕ್ರೇನ್ ಮತ್ತು ಇರಾನ್. ಉಕ್ರೇನಿಗೆ ಚಿನ್ನ. ಅದರ ತುಣುಕುಗಳನ್ನು ಫೋನಿನಲ್ಲಿ ನೋಡಿದ ದಿನ ನಾನು ಊಟ ಬಿಟ್ಟಿದ್ದೆ. ನನ್ನ ಹಾಗೇ ಕೈ ಮಡಚಿಕೊಂಡು ಓಡುವವರು, ನನ್ನ ಹಾಗೇ ತುದಿಗಾಲಲ್ಲಿ ಇಳಿಯುವವರು. ಯಾರೂ ಯಾರಿಗೂ ದಾರಿ ಬಿಡುವುದಿಲ್ಲ. ಕಾಲು ಕೊಡುತ್ತಾರೆ, ಬೀಳಿಸುತ್ತಾರೆ, ರೆಫರಿ ಕಾರ್ಡು ತೆಗೆಯುತ್ತಾನೆ. ಒಂದು ಕಡೆಗೆ ಏಳು ಜನ, ಅರ್ಧಕ್ಕೆ 30 ನಿಮಿಷ, ಆಫ್‌ಸೈಡ್ ಇಲ್ಲ. ಥ್ರೋ ಒಂದೇ ಕೈಯಲ್ಲಿ ಉರುಳಿಸಿದರೂ ಆಗುತ್ತದೆ. ಈ ನಿಯಮ ಓದಿ ನಾನು ನಕ್ಕಿದ್ದೆ. ಎರಡು ಕೈಯಲ್ಲಿ ಎತ್ತಿ ಎಸೆಯಲಿಕ್ಕೆ ಆಗದ್ದಕ್ಕೇ ಶಾಲೆಯಲ್ಲಿ ಪಿಟಿ ಮಾಸ್ಟರು ನನ್ನನ್ನು ಸ್ಕೋರ್ ಬರೆಯಲಿಕ್ಕೆ ಕೂರಿಸಿದ್ದರು. ಲೆಕ್ಕ ಬರೆಯುವ ಕೆಲಸ ಅಲ್ಲಿಂದಲೇ ಶುರು.

ಈ ಆಟದಲ್ಲಿ ಈಗ ಆಟಗಾರರಿಗೆ ಮೂರು ದರ್ಜೆ ಉಂಟು. ಎಫ್‌ಟಿ1 ಅಂದರೆ ತೊಂದರೆ ಜಾಸ್ತಿ, ಎಫ್‌ಟಿ3 ಅಂದರೆ ಕಮ್ಮಿ. ಎಫ್‌ಟಿ1 ಆಟಗಾರ ಒಬ್ಬನಾದರೂ ಯಾವಾಗಲೂ ಮೈದಾನದಲ್ಲಿ ಇರಲೇಬೇಕು, ಎಫ್‌ಟಿ3 ಒಬ್ಬನಿಗಿಂತ ಜಾಸ್ತಿ ಇರಬಾರದು. ಮೊದಲು ಕೈಕಾಲು ತಿರುಗಿಸಿ ಪರೀಕ್ಷೆ, ಆಮೇಲೆ ಓಡಿಸಿ ಪರೀಕ್ಷೆ, ಆಮೇಲೂ ಪಂದ್ಯದಲ್ಲಿ ಕೂತು ನೋಡುತ್ತಾರೆ. ಪಾರ್ಶ್ವವಾಯು ಆದವರು, ತಲೆಗೆ ಪೆಟ್ಟು ಬಿದ್ದವರೂ ಆಡಬಹುದು. ಅಂದರೆ ಅವಕಾಶ ಹಂಚುವುದೆಲ್ಲ ಸೀಟಿ ಊದುವ ಮೊದಲು ಮುಗಿಯುತ್ತದೆ. ಸೀಟಿ ಊದಿದ ಮೇಲೆ ಕೀಪರ್ ಚೆಂಡು ಹಿಡಿಯುತ್ತಾನೆ. ಹಿಡಿಯಲೇಬೇಕು. ಅದು ಅವನು ನನಗೆ ಕೊಡುವ ಮರ್ಯಾದೆ. ಇಷ್ಟು ಸಣ್ಣ ವಿಷಯ ಅರ್ಥ ಆಗುವುದಿಲ್ವಾ?

1984ರಿಂದ 2016ರವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಈ ಆಟ ಇತ್ತು. ಟೋಕಿಯೋಗೆ ಪ್ಯಾರಾಲಿಂಪಿಕ್ ಸಮಿತಿಯವರು ತೆಗೆದುಹಾಕಿದರು. ಪ್ಯಾರಿಸ್‌ನಲ್ಲೂ ಇರಲಿಲ್ಲ, 2028ರ ಲಾಸ್ ಏಂಜಲೀಸ್ ಪಟ್ಟಿಯಲ್ಲೂ ಇಲ್ಲ. ಅವರು ಕೊಟ್ಟ ಕಾರಣ, ಪ್ರಪಂಚದಲ್ಲಿ ಇದರ ಹರವು ಸಾಲದು ಅಂತ. ಆವತ್ತು ಅವರಿಗೆ ಬೈದಿದ್ದೆ. ನಿನ್ನೆ ಶಾಲು ಹೊದ್ದು ಕೂತಾಗ ಅನ್ನಿಸಿತು, ಸರಿಯೇ ಹೇಳಿದ್ದಾರೆ. ಹರವು ಎಲ್ಲಿಂದ ಬರಬೇಕು? ನಮ್ಮಲ್ಲಿ ಏಳು ಆಟಗಾರರು ಸಿಗುವ ಮೊದಲೇ ಏಳು ಸನ್ಮಾನಿತರು ಸಿಗುತ್ತಾರೆ. ವಿಶ್ವಕಪ್ ಮಾತ್ರ ಈಗಲೂ ನಡೆಯುತ್ತಿದೆ. 2022ರಲ್ಲಿ ಸ್ಪೇನಿನ ಸಾಲೋ ಎಂಬಲ್ಲಿ ಹೆಂಗಸರಿಗೂ ಮೊದಲ ವಿಶ್ವಕಪ್ ಆಯಿತು, ಅಮೆರಿಕ ಗೆದ್ದಿತು. ಅಲ್ಲಿ ಮೂಸಂಬಿ ಕೊಟ್ಟಿರಲಿಕ್ಕಿಲ್ಲ.

ಬಿಡಿ. ನಾನೇ ಜಾಸ್ತಿ ಮಾಡುತ್ತಿದ್ದೇನೆ. ಪಾಪ, ಯಾರೋ ಒಂದು ಭಾನುವಾರ ಬಿಟ್ಟು, ಕೈಯಿಂದ ದುಡ್ಡು ಹಾಕಿ, ಪೆಂಡಾಲ್ ಕಟ್ಟಿಸಿದ್ದಾರೆ. ವೀಲ್‌ಚೇರಿನ ಆ ಸಣ್ಣ ಹುಡುಗಿ ಎಷ್ಟು ನಕ್ಕಳು, ನಾನೂ ನೋಡಿದೆ. ಅವಳಿಗೆ ಗೋಲು ಬಿಟ್ಟದ್ದು ಸರಿ. ಸರಿಯಾ? ನನ್ನ ಅಕ್ಕನ ಮಗನಿಗೆ ಆರು ವರ್ಷ. ಹೋದ ತಿಂಗಳು ಜಗಲಿಯಲ್ಲಿ ಆಡುವಾಗ ನಾನು ಬೇಕಂತಲೇ ಬಿಟ್ಟೆ. ಅವನು ಚೆಂಡು ತಂದು ನನ್ನ ಮಡಿಲಿಗೆ ಎಸೆದು, "ಮಾಮ, ಸರಿ ಆಡುವುದಾದ್ರೆ ಆಡು" ಅಂದ. ಆವಾಗ ನಾನು ನಗಾಡಿದ್ದೆ. ಹಾಗಾದರೆ ನಾನೂ ಅದೇ ಕೀಪರ್. ಛೇ.

ಆದರೆ ಇಲ್ಲ, ಬಿಡುವುದಿಲ್ಲ. ನೆಹರೂ ಮೈದಾನದಲ್ಲಿ ಭಾನುವಾರ ನಾನು ಆಡುವ ಹುಡುಗರಿಗೆ ಸಿಪಿ ಅಂದರೆ ಎಂತ ಅಂತ ಇವತ್ತಿಗೂ ಗೊತ್ತಿಲ್ಲ. ಬೋಳಾರದ ಒಬ್ಬ ಡಿಫೆಂಡರ್ ಇದ್ದಾನೆ, ಧಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನಿನ ಕೆಲಸ. ಮೊದಲ ದಿನವೇ ನನ್ನ ಮೊಣಕಾಲಿಗೆ ಕೊಟ್ಟ ಪೆಟ್ಟಿನ ಗುರುತು ಈಗಲೂ ಉಂಟು. ಬಿದ್ದವನನ್ನು ಎತ್ತಲಿಲ್ಲ. "ಏಳು ಮಾರಾಯ, ಕಾರ್ನರ್ ಉಂಟು" ಅಂದ. ಅವರೆದುರು ಎರಡು ವರ್ಷದಲ್ಲಿ ನಾನು ಹೊಡೆದದ್ದು ಮೂರು ಗೋಲು. ಮೂರೇ. ಅದರಲ್ಲಿ ಒಂದು ನನ್ನ ಬೆನ್ನಿಗೆ ತಾಗಿ ಒಳಗೆ ಹೋದದ್ದು. ಆದರೆ ಅದನ್ನು ಯಾರೂ ಬಿಟ್ಟುಕೊಟ್ಟದ್ದಲ್ಲ, ಅವರ ಕೀಪರ್ ನನಗೆ ವಾರವಿಡೀ ಬೈದಿದ್ದಾನೆ.

ಗೋಲಿನ ಲೆಕ್ಕವೂ ನಾನು ಇಡುತ್ತೇನೆ, ತಾರೀಕು ಸಮೇತ. ರಾತ್ರಿ ಫೈಲ್ ತೆರೆದೆ. ನಾಲ್ಕು ಅಂತ ಬರೆಯಲಿಕ್ಕೆ ಕೈ ಬರಲಿಲ್ಲ. ಮೂರರಲ್ಲೇ ಬಿಡಲಿಕ್ಕೂ ಮನಸ್ಸು ಬರಲಿಲ್ಲ, ಆ ಎರಡು ಸೆಕೆಂಡು ಸುಳ್ಳಲ್ಲ ನೋಡಿ. ಆಫೀಸಿನಲ್ಲಿ ಎಲ್ಲಿಂದ ಬಂತು ಅಂತ ಗೊತ್ತಾಗದ ದುಡ್ಡನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತೇವೆ, ವಿವರ ಸಿಗುವವರೆಗೆ. ಇದನ್ನೂ ಅಲ್ಲಿಗೇ ಹಾಕಿದ್ದೇನೆ.

ನೀಲಿ ಜೆರ್ಸಿ, ಹಳದಿ ಗ್ಲೌಸ್, ಕಿವಿಯಲ್ಲಿ ಸಣ್ಣ ಟಿಕ್ಕಿ. ಯಾರಿಗಾದರೂ ಗುರುತು ಇದ್ದರೆ ಅವನಿಗೆ ಇದನ್ನು ತೋರಿಸಿ. ಅಣ್ಣಾ, ನೀವಾಗಿಯೇ ಬಿಟ್ಟದ್ದಾ, ಅವರು ಹೇಳಿಕೊಟ್ಟದ್ದಾ? ಒಂದು ಸಾಲು ಬರೆದು ಹಾಕಿ. ಇಲ್ಲವಾದರೆ ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನಕ್ಕೆ ಬನ್ನಿ. ಗ್ಲೌಸ್ ತನ್ನಿ. ಐದು ಪೆನಾಲ್ಟಿ. ಮೈಕ್ ಇರುವುದಿಲ್ಲ.