ಬಂದವರ ಸಾಲಿನಲ್ಲಿ ಕೊನೆಯವರು

ಸಿಸಿಲಿ ದ್ವೀಪದ ಪಲೆರ್ಮೊಗೆ ಹೋಗಲು ಮೂರು ದಾರಿಗಳಿವೆ. ವಿಮಾನ ಬೇಗ ತಲುಪಿಸುತ್ತದೆ, ಆದರೆ ಇಳಿಸುವುದು ಊರಿನಿಂದ ಸುಮಾರು 35 ಕಿ.ಮೀ. ಆಚೆ. ರೈಲಿನಲ್ಲಿ ಬೇರೆಯೇ ಮಜಾ ಇದೆ. ಇಟಲಿಯ ತುದಿ ಮುಟ್ಟಿದ ಮೇಲೆ ರೈಲನ್ನೇ ಬಿಡಿ ಬಿಡಿಯಾಗಿ ಕಳಚಿ ಹಡಗಿನ ಹೊಟ್ಟೆಯೊಳಗೆ ತಳ್ಳುತ್ತಾರೆ. ಮೆಸ್ಸಿನಾ ಜಲಸಂಧಿ ದಾಟಿಸಿ ಆಚೆ ದಡದಲ್ಲಿ ಮತ್ತೆ ಜೋಡಿಸುತ್ತಾರೆ. ಅಲ್ಲೊಂದು ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆಯುತ್ತಲೇ ಇದೆ. ಮಾತು ನಡೆಯುತ್ತಿರಲಿ ಎಂದು ರೈಲು ತನ್ನ ಪಾಡಿಗೆ ಹಡಗು ಹತ್ತಿಕೊಂಡಿದೆ. ಮೂರನೆಯ ದಾರಿ ನೇಪಲ್ಸ್‌ನಿಂದ ಹೊರಡುವ ರಾತ್ರಿ ಫೆರಿ. ಸುಮಾರು 300 ಕಿ.ಮೀ. ಸಮುದ್ರ. ಊಟದ ಹೊತ್ತಿಗೆ ಹೊರಟರೆ ಬೆಳಗಿನ ಕಾಫಿ ಹೊತ್ತಿಗೆ ಊರು. ನಾವು ಹಿಡಿದದ್ದು ಇದನ್ನೇ.

ಫೆರಿ ಎಂದ ಕೂಡಲೇ ಈಜುಕೊಳ, ಬ್ಯಾಂಡು, ಬಿಳಿ ಟೋಪಿಯ ಕ್ಯಾಪ್ಟನ್ನು ಎಂದೆಲ್ಲ ನೆನೆಯಬಾರದು. ಅದು ಕ್ರೂಸು, ಬೇರೆ ಜಾತಿ. ಫೆರಿಯ ಖಾಯಂ ಗಿರಾಕಿ ಲಾರಿ. ನಮ್ಮಂಥವರು ಉಳಿದ ಜಾಗದಲ್ಲಿ ಹೋಗುವವರು. ಹಡಗಿನ ಹಿಂಬದಿಯ ಬಾಗಿಲು ದಡಕ್ಕೆ ಮಲಗಿಕೊಂಡಿರುತ್ತದೆ. ಲಾರಿಗಳು ಅದರ ಮೇಲೆ ರಿವರ್ಸ್‌ನಲ್ಲಿ ಒಳಗೆ ಹೋಗುತ್ತವೆ. ಕಿತ್ತಳೆ ಜಾಕೆಟ್ಟಿನವನೊಬ್ಬ ಸಿಳ್ಳೆ ಹಾಕುತ್ತಾನೆ, ಕೈ ಆಡಿಸುತ್ತಾನೆ, ಲಾರಿಗೂ ಲಾರಿಗೂ ನಡುವೆ ಒಂದು ಗೇಣು ಉಳಿದಾಗ ಅಂಗೈ ತೋರಿಸಿ ನಿಲ್ಲಿಸುತ್ತಾನೆ. ಇನ್ನೊಬ್ಬ ಬಗ್ಗಿ ಬಂದು ಲಾರಿಯನ್ನು ಸರಪಳಿಯಿಂದ ನೆಲಕ್ಕೆ ಬಿಗಿಯುತ್ತಾನೆ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಿಂತು ನೋಡೋಣ ಎಂದರೆ ಬಿಡುವುದಿಲ್ಲ, ಮೇಲೆ ಹತ್ತಿ ಅಂತ ಗದರುತ್ತಾರೆ.

ಮೇಲೆ ಹೋದರೆ ಅಲ್ಲಿನ ಸಂಸಾರವೇ ಬೇರೆ. ಕ್ಯಾಬಿನ್ ದುಬಾರಿ, ಕುರ್ಚಿ ಸಾಕು ಎಂದವರು ಹಡಗು ಹೊರಡುವ ಮೊದಲೇ ಕುರ್ಚಿ ಬಿಟ್ಟು ನೆಲದ ಮೇಲೆ ಹಾಸಿಗೆ ಬಿಚ್ಚಿರುತ್ತಾರೆ. ಒಳ್ಳೆಯ ಮೂಲೆಗಳೆಲ್ಲ ಆಗಲೇ ಭರ್ತಿ. ಕೆಲವರು ಗಾಳಿ ತುಂಬುವ ಹಾಸಿಗೆಯನ್ನೇ ತಂದು ಊದುತ್ತಿದ್ದರು. ಹೊರಗೆ ವೆಸೂವಿಯಸ್ ಜ್ವಾಲಾಮುಖಿ ಕತ್ತಲಲ್ಲಿ ಕರಗುತ್ತಿತ್ತು, ಆಮೇಲೆ ಕ್ಯಾಪ್ರಿ ದ್ವೀಪದ ದೀಪಗಳು ಬಂದುಹೋದವು. ಜಗತ್ತು ದುಡ್ಡು ಕೊಟ್ಟು ನೋಡಲು ಬರುವ ಈ ನೋಟವನ್ನು ಒಳಗಿದ್ದ ಒಬ್ಬನೂ ತಲೆಯೆತ್ತಿ ನೋಡಲಿಲ್ಲ. ಅವರಿಗೆ ಪ್ಲಗ್ ಪಾಯಿಂಟ್ ಎಲ್ಲಿದೆ ಎನ್ನುವುದು ಮುಖ್ಯವಾಗಿತ್ತು.

ಬೆಳಗ್ಗೆ ಸ್ಪೀಕರು ಎಬ್ಬಿಸಿತು. ಡೆಕ್ಕಿಗೆ ಬಂದರೆ ಬಲಗಡೆ ಪೆಲ್ಲೆಗ್ರಿನೊ ಗುಡ್ಡ. 600 ಮೀಟರ್ ಎತ್ತರವೆಂದರೆ ಲೆಕ್ಕದಲ್ಲಿ ದೊಡ್ಡದೇನಲ್ಲ, ಆದರೆ ನೀರಿನಿಂದ ನೇರ ಎದ್ದು ನಿಂತಿರುವುದರಿಂದ ಹೆದರಿಸುತ್ತದೆ. ಹಡಗು ಊರನ್ನು ಒಂದೇ ಸಲಕ್ಕೆ ಕೊಡುವುದಿಲ್ಲ, ಕಂತಿನಲ್ಲಿ ಕೊಡುತ್ತದೆ. ಮೊದಲು ಗುಡ್ಡ, ಆಮೇಲೆ ಬಂದರಿನ ಕ್ರೇನುಗಳು, ಆಮೇಲೆ ಗೋಪುರಗಳು, ಕೊನೆಗೆ ಯಾರದೋ ಬಾಲ್ಕನಿಯಲ್ಲಿ ಒಣಗುತ್ತಿರುವ ಬನಿಯನ್ನು. ನಾವಿಬ್ಬರೂ ರೇಲಿಂಗ್ ಹಿಡಿದು ನೋಡುತ್ತಿದ್ದೆವು. ಲಾರಿ ಡ್ರೈವರುಗಳು ಗುಡ್ಡಕ್ಕೆ ಬೆನ್ನು ಹಾಕಿ ಪುಟ್ಟ ಕಪ್ಪುಗಳಲ್ಲಿ ಕಾಫಿ ಕುಡಿಯುತ್ತಿದ್ದರು.

ಇಳಿದ ಮೇಲೆ ನಮ್ಮನ್ನು ಯಾರೂ ಕೇಳಲಿಲ್ಲ. ಹೂವಿಲ್ಲ, ಸ್ವಾಗತದ ಕಮಾನಿಲ್ಲ. ಒಬ್ಬ ಟ್ಯಾಕ್ಸಿಯವನು ಅರ್ಧ ಮನಸ್ಸಿನಿಂದ ಒಂದು ಸಲ ಕರೆದ. ಬೇಡವೆಂದು ತಲೆಯಾಡಿಸಿದೆವು. ಅವನೂ ಸರಿ ಎಂದು ತಲೆಯಾಡಿಸಿದ. ಮೊದಲು ಬೇಜಾರಾಯಿತು. ರಾತ್ರಿಯೆಲ್ಲ ಸಮುದ್ರ ದಾಟಿ ಬಂದಿದ್ದೇವೆ, ಊರು ಸ್ವಲ್ಪವಾದರೂ ಸಂಭ್ರಮ ಪಡಬಾರದೇ? ಅರ್ಧ ದಿನ ತಿರುಗಿದ ಮೇಲೆ ಈ ಅಲಕ್ಷ್ಯವೇ ಇಷ್ಟವಾಗತೊಡಗಿತು.

ಯಾಕೆಂದರೆ ಈ ಊರು ಎಷ್ಟು ಜನ ಬಂದಿಳಿಯುವುದನ್ನು ನೋಡಿಲ್ಲ! ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ಲೆಬನಾನ್ ಕಡೆಯ ಫಿನೀಷಿಯನ್ನರು ಬಂದು ಅಂಗಡಿ ತೆರೆದರು. ಕ್ರಿ.ಪೂ. 254ರಲ್ಲಿ ರೋಮನ್ನರು. ಕ್ರಿ.ಶ. 831ರಲ್ಲಿ ಅರಬರು, 1072ರಲ್ಲಿ ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು, ಆಮೇಲೆ ಸ್ಪೇನಿನವರು. ದ್ವೀಪ ಅಲ್ವಾ, ಬಂದವರೆಲ್ಲ ಹಡಗಿನಲ್ಲೇ ಬರಬೇಕು. ಒಬ್ಬೊಬ್ಬರೂ ಇನ್ನು ಇದು ನಮ್ಮದೇ ಎಂದುಕೊಂಡು ಇಳಿದರು. ಅವರು ಹೋದ ಮೇಲೂ ಊರು ಇತ್ತು. ಅಂಥ ಊರಿಗೆ ಒಂದು ಟ್ರಾಲಿ ಬ್ಯಾಗು, ಎರಡು ನೀರಿನ ಬಾಟಲಿ ಹಿಡಿದು ಬಂದ ನಾವು ಯಾವ ಲೆಕ್ಕ? ಆ ಉದ್ದನೆಯ ಸಾಲಿನ ಕೊನೆಯಲ್ಲಿ ನಿಂತವರು, ಅಷ್ಟೇ.

ಬೆರಗಾಗದ ಊರಿಗೆ ಒಂದು ದೊಡ್ಡ ಗುಣವಿದೆ, ಸಿಟ್ಟೂ ಬೇಗ ಬರುವುದಿಲ್ಲ. 1130ರಲ್ಲಿ ಇಲ್ಲಿ ಪಟ್ಟಕ್ಕೆ ಬಂದ ನಾರ್ಮನ್ ರಾಜ ಎರಡನೇ ರೋಜರ್ ತನ್ನ ಅರಮನೆಯೊಳಗೆ ಚರ್ಚು ಕಟ್ಟಿಸಿದ. ಗೋಡೆಗೆ ಬೈಜಾಂಟಿಯಂ ಶೈಲಿಯ ಚಿನ್ನದ ಮೊಸಾಯಿಕ್, ಚಾವಣಿಗೆ ಅರಬ್ ಶೈಲಿಯ ಮರದ ಕೆತ್ತನೆ, ಅದರಲ್ಲಿ ಅರಬ್ಬಿ ಬರಹ. ಇನ್ನೊಂದು ಕಡೆ 1149ರ ಒಂದು ಸಮಾಧಿಕಲ್ಲಿದೆ. ಪಾದ್ರಿಯೊಬ್ಬ ತನ್ನ ತಾಯಿಗಾಗಿ ಹಾಕಿಸಿದ್ದು. ಲ್ಯಾಟಿನ್, ಗ್ರೀಕ್, ಅರಬ್ಬಿ, ಅದೂ ಸಾಲದೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ. ತಾಯಿ ತೀರಿಕೊಂಡ ಸುದ್ದಿ ಕೇರಿಯ ಎಲ್ಲರಿಗೂ ಮುಟ್ಟಬೇಕಲ್ಲ. ಹಳೇ ಯಹೂದಿ ಕೇರಿಯಲ್ಲಿ ಇವತ್ತಿಗೂ ಬೀದಿಯ ಹೆಸರು ಇಟಾಲಿಯನ್, ಹೀಬ್ರೂ, ಅರಬ್ಬಿ ಮೂರರಲ್ಲೂ ಇದೆ.

ಈ ಇತಿಹಾಸವೆಲ್ಲ ಹೊಟ್ಟೆ ತುಂಬಿದ ಮೇಲಿನ ಮಾತು. ಮೊದಲು ನಾವು ಹೋದದ್ದು ಬಲ್ಲಾರೊ ಸಂತೆಗೆ. ಮೀನಿನವನು, ನಿಂಬೆಹಣ್ಣಿನವನು, ಆಲಿವ್‌ನವನು ಎಲ್ಲರೂ ರಾಗ ಹಾಕಿ ಕೂಗುತ್ತಿದ್ದರು. ಒಂದು ಗಾಡಿಯ ಮುಂದೆ ಬಾಣಲೆ, ಕುದಿಯುವ ಎಣ್ಣೆ, ಅದರಲ್ಲಿ ತೇಲುವ ಹಳದಿ ಬಿಲ್ಲೆಗಳು. ನನ್ನ ಹೆಂಡತಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣು ಅರಳಿತು.

"ರೀ, ಇದು ಕಡ್ಲೆಹಿಟ್ಟು ಕಣ್ರೀ!"

ಹೌದು, ಕಡ್ಲೆಹಿಟ್ಟೇ. ಇಲ್ಲಿ ಪಾನೆಲ್ಲೆ ಅನ್ನುತ್ತಾರೆ. ಆದರೆ ಮಾಡುವ ಕ್ರಮ ಬೇರೆ. ನಾವು ಹಿಟ್ಟು ಕಲಸಿ ನೇರ ಎಣ್ಣೆಗೆ ಬಿಡುತ್ತೇವೆ. ಇವರು ಮೊದಲು ನೀರು, ಉಪ್ಪು ಹಾಕಿ ಒಲೆಯ ಮೇಲೆ ಗಂಟಾಗದಂತೆ ತಿರುವುತ್ತಾರೆ. ರಟ್ಟೆ ಸೋಲುವ ಹಾಗೆ ಗಟ್ಟಿಯಾದಾಗ ಪಾರ್ಸ್ಲಿ ಸೊಪ್ಪು ಹಾಕಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಎಳ್ಳು ಮೆತ್ತಿದ ಬನ್ನನ್ನು ಸೀಳಿ ಅದರೊಳಗೆ ಜೋಡಿಸಿ, ನಿಂಬೆ ಹಿಂಡಿ ಕೈಗಿಡುತ್ತಾರೆ. ಸೋಡ ಇಲ್ಲ, ಓಮ ಇಲ್ಲ, ಖಾರದ ಸುಳಿವಿಲ್ಲ. "ಒಂದು ಹಸಿಮೆಣಸಿನಕಾಯಿ ಹಾಕಿದ್ರೆ ಇವರ ಗಂಟು ಏನು ಹೋಗ್ತಿತ್ತು" ಎಂದು ಗೊಣಗಿದಳು. ಎರಡನೆಯ ಬನ್ನು ಕೇಳಿದವಳೂ ಅವಳೇ. ನಮ್ಮ ಕಡ್ಲೆಹಿಟ್ಟಿನ ನಂಟಸ್ತಿಕೆಯನ್ನು ಗಾಡಿಯವನಿಗೆ ಕೈಸನ್ನೆಯಲ್ಲಿ ವಿವರಿಸಲು ನೋಡಿದೆ. ಅವನು ತಾಳ್ಮೆಯಿಂದ ಕೇಳಿ, ಚಿಲ್ಲರೆ ಎಣಿಸಿ ಕೊಟ್ಟು, ನನ್ನ ಹಿಂದಿದ್ದವನ ಕಡೆ ತಿರುಗಿದ.

ಬಂದವರೆಲ್ಲ ಒಳ್ಳೆಯದನ್ನೇ ತಂದರು ಅಂತೇನಿಲ್ಲ. 1624ರಲ್ಲಿ ಟ್ಯೂನಿಸ್‌ನಿಂದ ಬಂದ ಹಡಗು ಪ್ಲೇಗು ತಂದಿತು. ಆ ಹಡಗನ್ನು ಒಳಗೆ ಬಿಟ್ಟ ವೈಸ್‌ರಾಯ್ ತಾನೂ ಅದೇ ರೋಗಕ್ಕೆ ಬಲಿಯಾದ. ಅದೇ ವರ್ಷ ಪೆಲ್ಲೆಗ್ರಿನೊ ಗುಡ್ಡದ ಗುಹೆಯಲ್ಲಿ ರೊಸಾಲಿಯಾ ಎಂಬ ಸಂತಳ ಮೂಳೆಗಳು ಸಿಕ್ಕವಂತೆ. ಮೆರವಣಿಗೆ ಮಾಡಿದ ಮೇಲೆ ಪ್ಲೇಗು ಹೋಯಿತು ಎಂದು ಊರು ನಂಬಿದೆ. ಅಂದಿನಿಂದ ಅವಳೇ ಊರಿನ ಅಮ್ಮ. ಜುಲೈ 14ರ ರಾತ್ರಿ ಅವಳ ತೇರು. ತೇರಿನ ಆಕಾರ ಏನು ಗೊತ್ತಾ? ಹಡಗು! ರೋಗ ತಂದದ್ದೂ ಹಡಗು, ರೋಗ ಓಡಿಸಿದವಳು ಕೂರುವುದೂ ಹಡಗು. ಸಮುದ್ರದ ಕಡೆಗಿರುವ ಫೆಲಿಚೆ ಬಾಗಿಲಿಗೆ ಎರಡು ದೊಡ್ಡ ಕಂಬಗಳಿವೆ, ಮೇಲೆ ಕಮಾನಿಲ್ಲ. ಎತ್ತರದ ತೇರು ಸಲೀಸಾಗಿ ದಾಟಲಿ ಎಂದೇ ಹಾಗೆ ಬಿಟ್ಟಿದ್ದು ಎನ್ನುತ್ತಾರೆ ಊರವರು. ಕಟ್ಟಡದ ಪಂಡಿತರು ಬೇರೆ ಕಾರಣ ಹೇಳಬಹುದು. ನನಗೆ ಊರವರ ಮಾತೇ ಸಾಕು.

ಆ ಗುಡ್ಡದ ಗುಹೆಗೆ ಈಗ ಯಾರು ಯಾರು ಹೋಗುತ್ತಾರೆ ಎನ್ನುವುದು ಇನ್ನೂ ಚೆಂದ. ಶ್ರೀಲಂಕಾದಿಂದ ಬಂದು ಇಲ್ಲಿ ನೆಲೆಸಿದ ತಮಿಳರು, ಹಿಂದೂಗಳೇ, ಗುಡ್ಡ ಹತ್ತಿ ರೊಸಾಲಿಯಾಗೆ ಕೈಮುಗಿದು ಬರುತ್ತಾರೆ. ಯಾವ ದೇವರು ಯಾರದು ಎಂಬ ತಕರಾರನ್ನು ಇಲ್ಲಿ ಯಾರೂ ಎತ್ತಿದಂತಿಲ್ಲ. ಅವಳೂ ಎತ್ತಿರಲಾರಳು.

ಹೊರಡುವ ಸಂಜೆ ಬಂದರಿಗೆ ಬಂದಾಗ ಗೊತ್ತಾಯಿತು, ಈ ಊರಿಗೂ ಭಾವುಕತೆ ಇದೆ. ಬರುವವರಿಗೆ ಅದನ್ನು ಖರ್ಚು ಮಾಡುವುದಿಲ್ಲ, ಅಷ್ಟೇ. ಹೋಗುವವರಿಗಾಗಿ ಎತ್ತಿಟ್ಟಿದೆ. 19ನೇ ಶತಮಾನದ ಕೊನೆಗೆ ಇದೇ ಬಂದರಿನಿಂದ ಸಾವಿರಾರು ಜನ ನ್ಯೂಯಾರ್ಕ್‌ಗೆ, ನ್ಯೂ ಆರ್ಲಿಯನ್ಸ್‌ಗೆ ಹಡಗು ಹತ್ತಿದ್ದರು. ಈಗಿನ ಮಕ್ಕಳು ಕೆಲಸ ಹುಡುಕಿ ಉತ್ತರ ಇಟಲಿಗೆ ಹೋಗುತ್ತಾರೆ. ಕಳಿಸುವ ಗಲಾಟೆ ಮಾತ್ರ ಅಮೆರಿಕದ್ದೇ. ಅಜ್ಜಿ, ಅತ್ತೆ, ಚಿಕ್ಕಪ್ಪ ಎಲ್ಲರೂ ಹಾಜರ್. ಅಪ್ಪುಗೆ ಮುಗಿಯಿತು ಎನ್ನುವಾಗ ಮತ್ತೆ ಮೊದಲಿನಿಂದ ಶುರು. ಒಬ್ಬ ಹುಡುಗನ ತಾಯಿಯಂತೂ ಅವನು ಮೆಟ್ಟಿಲು ಹತ್ತುತ್ತಿದ್ದರೂ ಕೆಳಗಿನಿಂದ ಏನೇನೋ ಕೂಗುತ್ತಲೇ ಇದ್ದಳು. ಅವನ ತೋಳಿನಲ್ಲಿ ಹಗ್ಗ ಬಿಗಿದ ರಟ್ಟಿನ ಡಬ್ಬ.

ಆ ಹುಡುಗ ನಮ್ಮ ಪಕ್ಕದ ಕುರ್ಚಿಗೇ ಬಂದ. ಡಬ್ಬದ ಚೀಸಿನ ವಾಸನೆ ಅವನಿಗಿಂತ ಮೊದಲೇ ಬಂದಿತ್ತು. ದಡ ಬಿಟ್ಟು ಸ್ವಲ್ಪ ಹೊತ್ತಿಗೆ ಹಗ್ಗ ಬಿಚ್ಚಿ, ಒಂದು ತುಂಡು ಕತ್ತರಿಸಿ ನನ್ನ ಮುಂದೆ ಹಿಡಿದ. ಬೇಡಪ್ಪ ಎಂದು ಕೈಯಾಡಿಸಿದೆ. ಅವನು ಫೋನ್ ಎತ್ತಿ ಅಮ್ಮನ ಫೋಟೊ ತೋರಿಸಿದ. ದೂರು ಕೊಟ್ಟೇ ಬಿಡುವವನ ಮುಖ. ಸುಮ್ನೆ ತಗೊಂಡು ತಿಂದೆ.